ಈಶ್ವರಮ್ಮನ ಬೆನ್ನಿಗೆ ಅಂಟಿಸಿದ ಸೇವಂತಿಗೆ

ಈಶ್ವರಮ್ಮ ನನ್ನ ಪಕ್ಕದ ಮನೆಯವಳು. ಹನುಮಂತನಗರದ ಗುಡ್ಡದ ದೇವಸ್ಥಾನಕ್ಕೆ ಹತ್ತುವ ಮೆಟ್ಟಿಲ ಬುಡದಲ್ಲಿ ಗೋಣಿಚೀಲ ಹಾಸಿಕೊಂಡು ಹೂವು ಕಟ್ಟಿ ಮಾರುತ್ತಿದ್ದಳು. ಮಲ್ಲಿಗೆ, ಕನಕಾಂಬರ ಎಲ್ಲ ಇಡುತ್ತಿದ್ದಳು, ಆದರೆ ಜನ ಹುಡುಕಿಕೊಂಡು ಬರುತ್ತಿದ್ದುದು ಅವಳ ಸೇವಂತಿಗೆ ಹಾರಕ್ಕೆ. ಅವಳು ಕಟ್ಟಿದ ಹಾರ ದೇವರ ಕೊರಳಲ್ಲಿ ಬಾಡುತ್ತಿತ್ತೇ ಹೊರತು ಸಡಿಲವಾಗುತ್ತಿರಲಿಲ್ಲ.

ಆಮೇಲೆ ಕೈಗೆ ತುರಿಕೆ ಬಂತು. ಮೊದಲು ಬೆರಳು, ನಂತರ ಮಣಿಕಟ್ಟು, ಕತ್ತು, ಕಣ್ಣಿನ ರೆಪ್ಪೆ. ಚರ್ಮ ಕಪ್ಪಾಗಿ, ದಪ್ಪವಾಗಿ, ಬಿರಿದು ನೀರು ಒಸರತೊಡಗಿತು. ಪಕ್ಕದಲ್ಲಿ ಹೂವಿಡುವ ತಿಮ್ಮಕ್ಕ ಗಿರಾಕಿಗಳ ಎದುರಿಗೇ ಹೇಳುತ್ತಿದ್ದಳು:

"ಈಶ್ವರಿ, ಆ ಕೈ ಸೆರಗೊಳಗಿಟ್ಕೊಳೇ. ನನ್ ಯಾಪಾರಾನೂ ಕೆಡಿಸ್ತೀಯ."

ಅದನ್ನು ಈಶ್ವರಮ್ಮ ತಡೆದುಕೊಂಡಳು. ತಡೆಯಲಾಗದೆ ಹೋದದ್ದು ಮೊಮ್ಮಗಳ ವಿಷಯ. ಮಗ ಮಹೇಶ್ ಆಟೋ ಓಡಿಸುತ್ತಾನೆ. ಸೊಸೆ ರೇಖಾ ಅಂಜನಾಳನ್ನು ಹೆತ್ತು, ತವರಿನಿಂದ ಮಗುವನ್ನು ಎತ್ತಿಕೊಂಡು ಬಂದ ದಿನವೇ ಬಾಗಿಲಲ್ಲಿ ನಿಂತು ಹೇಳಿದಳು:

"ಅತ್ತೆ, ಇದು ಅಂಟುರೋಗ. ವಾಸಿ ಆಗೋವರ್ಗೂ ಮಗೂನ ಮುಟ್ಬೇಡಿ."

ಹೆತ್ತವಳಿಗೆ ಹೆದರಿಕೆ ಇರುವುದು ಸಹಜ. ಆದರೆ ಕೇಳಬೇಕಾದವರನ್ನು ಮನೆಯವರು ಕೇಳಲಿಲ್ಲ, ಶಾಸ್ತ್ರ ಹೇಳುವವನನ್ನು ಕೇಳಿದರು. ಅವನು ನಾಗದೋಷ ಅಂದ. ಅಶ್ವತ್ಥಕಟ್ಟೆಯ ನಾಗರಕಲ್ಲಿನ ಸುತ್ತ ಪ್ರತಿ ಮಂಗಳವಾರ ಚೊಕ್ಕಟ ಮಾಡಿ, ಸ್ವಂತ ಕೈಯಿಂದ ಕಟ್ಟಿದ ಸೇವಂತಿಗೆ ಏರಿಸಬೇಕು ಅಂದ.

ಕಟ್ಟೆಯ ಸುತ್ತ ಕಾಂಗ್ರೆಸ್ ಗಿಡ ಸೊಂಟದೆತ್ತರ ಬೆಳೆದಿತ್ತು. ಈಶ್ವರಮ್ಮ ಅದನ್ನು ಬರಿಗೈಯಲ್ಲಿ ಕಿತ್ತಳು. ಬಟ್ಟೆಯನ್ನಾದರೂ ಸುತ್ತಿಕೋ ಅಂದೆ.

"ದೇವ್ರ ಕೆಲ್ಸಕ್ಕೆ ಅಸಹ್ಯ ಪಟ್ಕೊಂಡ್ರೆ ಹೆಂಗಕ್ಕಾ?" ಅಂದಳು.

ಮಂಗಳವಾರ ಕೀಳುವಳು, ಬುಧವಾರ ಮುಖ ಊದುವುದು. ದೇವರು ಪರೀಕ್ಷೆ ಮಾಡುತ್ತಿದ್ದಾನೆ ಎಂದು ಮಹೇಶನೂ ಹೇಳಿದ, ಶಾಸ್ತ್ರದವನೂ ಹೇಳಿದ. ಅವಳು ಇನ್ನಷ್ಟು ಕಿತ್ತಳು. ಮಗು ಅಂಬೆಗಾಲಿಟ್ಟಿತು, ನಡೆಯಿತು, ಮಾತು ಕಲಿಯಿತು. ಅಜ್ಜಿ ಹೊಸಿಲಿನ ಆಚೆ ಕೂತು ನೋಡಿದಳು.

ಕೊನೆಗೆ ರೆಪ್ಪೆ ಊದಿ ಕಣ್ಣು ಬಿಡಲಾರದಂತಾದಾಗ ನಾನೇ ಬಸ್ಸು ಹತ್ತಿಸಿ ಜೆ.ಪಿ. ನಗರದ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಯಮ್ಮ ಕೈ ನೋಡುವ ಮೊದಲು ಕೇಳಿದ್ದು ಒಂದೇ.

"ಏನ್ ಕೆಲ್ಸ ಮಾಡ್ತೀರಮ್ಮ?"

ಅಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ. ಊತ ಇಳಿಯಲು ಮಾತ್ರೆ ಕೊಟ್ಟು, ಅದು ಮುಗಿದು ಕೆಲವು ವಾರ ಕಳೆದ ಮೇಲೆ ಪರೀಕ್ಷೆ ಅಂದರು. ಬರುವಾಗ ಹೂವನ್ನು ಎಲೆ ಸಮೇತ ತರಲು ಹೇಳಿದರು.

ಪರೀಕ್ಷೆಯ ದಿನ ಅವಳ ಬೆನ್ನ ಮೇಲೆ ಸಣ್ಣ ಸಣ್ಣ ಬಿಲ್ಲೆಗಳನ್ನು ಸಾಲಾಗಿ ಅಂಟಿಸಿದರು. ಒಂದೊಂದರಲ್ಲಿ ಒಂದೊಂದು ವಸ್ತು. ಕುಂಕುಮ, ರಬ್ಬರು, ಸುಗಂಧ, ಕಾಂಗ್ರೆಸ್ ಗಿಡದ ರಸ, ಅವಳ ಸೇವಂತಿಗೆ. ಯಾವುದು ಮೈಗೆ ಆಗುವುದಿಲ್ಲವೋ ಅದರ ಕೆಳಗೆ ಮಾತ್ರ ಚರ್ಮ ಕೆಂಪಾಗುತ್ತದಂತೆ. ಎರಡು ದಿನ ಬೆನ್ನಿಗೆ ನೀರು ಸೋಕಬಾರದು, ಬೆವರಬಾರದು. ಸ್ನಾನವಿಲ್ಲದೆ ದೇವರ ಹೂವು ಮುಟ್ಟುವವಳಲ್ಲ ಅವಳು. ಬುಟ್ಟಿ ಬೋರಲು ಹಾಕಿ ನನ್ನ ಮನೆಯಲ್ಲಿ ಗೋಡೆಗೂ ಒರಗದೆ ಕೂತಳು.

ಬಿಲ್ಲೆ ಕಿತ್ತಾಗ ಎರಡು ಜಾಗ ಕೆಂಪಗೆ ಗುಳ್ಳೆ ಎದ್ದಿತ್ತು. ಇನ್ನೆರಡು ದಿನ ಬಿಟ್ಟು ನೋಡಿದರೂ ಅವೇ ಎರಡು. ಅವಳಿಗೆ ತನ್ನ ಬೆನ್ನು ಕಾಣದಲ್ಲ, ಡಾಕ್ಟರು ಮೊಬೈಲಿನಲ್ಲಿ ಚಿತ್ರ ತೆಗೆದು ತೋರಿಸಿದರು.

"ಇದು ಕಾಂಗ್ರೆಸ್ ಗಿಡ, ಇದು ನಿಮ್ಮ ಸೇವಂತಿಗೆ. ಎರಡೂ ಒಂದೇ ಕುಟುಂಬದ ಗಿಡಗಳು. ನಿಮಗೆ ಇದರ ಅಲರ್ಜಿ, ಅಷ್ಟೇ. ಇನ್ನೊಬ್ರಿಗೆ ಅಂಟಲ್ಲ."

ಈಶ್ವರಮ್ಮ ಚಿತ್ರದಿಂದ ಕಣ್ಣೆತ್ತಿ ಕೇಳಿದಳು:

"ಈಗ ಅಂಟಲ್ವೋ, ಮೊದ್ಲಿಂದಾನೂ ಅಂಟ್ತಿರ್ಲಿಲ್ವೋ?"

"ಯಾವತ್ತೂ ಅಂಟೋದಲ್ಲಮ್ಮ ಇದು."



ಈಶ್ವರಮ್ಮ ಹೂವಿನ ವ್ಯಾಪಾರ ಬಿಟ್ಟಳು. ಸೇವಂತಿಗೆ ಇಲ್ಲದೆ ಗಿರಾಕಿಯಿಲ್ಲ, ಮೆಟ್ಟಿಲ ಬುಡದ ಜಾಗಕ್ಕೂ ತಿಮ್ಮಕ್ಕ ತನ್ನ ಗೋಣಿ ಎಳೆದಳು. ಈಶ್ವರಮ್ಮ ನಾಗರಕಲ್ಲಿನ ಕಡೆಗೂ ಹೋಗಲಿಲ್ಲ. ಮುಲಾಮು ಹಚ್ಚುತ್ತಾ ತಿಂಗಳುಗಳಲ್ಲಿ ಕೈ ಮೆತ್ತಗಾಯಿತು, ಮುಖ ತಿಳಿಯಾಯಿತು. ಮಹೇಶ್ ನನ್ನೆದುರಿಗೇ ಅವಳನ್ನು ಗದರಿದ.

"ಮೊದ್ಲೇ ಡಾಕ್ಟ್ರಿಗೆ ತೋರಿಸ್ಕೊಳ್ಳೋದಲ್ವೇನಮ್ಮ? ಸುಮ್ನೆ ಇಷ್ಟ್ ದಿನ."

ಅವಳು ಅವನ ಮುಖ ನೋಡಿ, ಮುಲಾಮಿನ ಮುಚ್ಚಳ ತಿರುಗಿಸಿದಳು.

ರೇಖಾಳಿಗೆ ಮತ್ತೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಬೇಕಿತ್ತು. ಒಂದು ಭಾನುವಾರ ನನ್ನನ್ನೂ ಕಾಫಿಗೆ ಕರೆದು, ಮಗುವನ್ನು ಮುಂದಕ್ಕೆ ದೂಡಿದಳು.

"ಹೋಗು ಪುಟ್ಟಿ, ಅಜ್ಜಿ ಹತ್ರ ಹೋಗು. ಇನ್ಮೇಲೆ ಅಜ್ಜೀನೇ ನಿನ್ನ ನೋಡ್ಕೊಳ್ಳೋದು."

ಈಶ್ವರಮ್ಮ ಒಗೆದ ಸೀರೆ ಉಟ್ಟು ಚಾಪೆಯ ಮೇಲೆ ಕೂತಿದ್ದಳು. ಕೈ ಚಾಚಿ ಮಗುವನ್ನು ಮಡಿಲಿಗೆ ತೆಗೆದುಕೊಂಡಳು. ಅಂಜನಾ ಅಳಲಿಲ್ಲ. ಎರಡೂ ಕೈಗಳನ್ನು ಎಲ್ಲಿಗೂ ತಾಗದಂತೆ ಮೇಲೆ ಹಿಡಿದುಕೊಂಡು, ಬಿಗಿಯಾಗಿ ಕೂತಿತು. ಸ್ವಲ್ಪ ಹೊತ್ತಿಗೆ ಇಳಿದು ನೇರ ಬಚ್ಚಲಿಗೆ ಹೋಯಿತು.

"ಅಮ್ಮಾ, ಸೋಪು," ಅಂತು.

"ಬೇಡ ಕಂದ, ಅಜ್ಜಿಗೆ ವಾಸಿ ಆಗಿದೆ," ಎಂದಳು ರೇಖಾ.

ಮಗು ನಲ್ಲಿಯ ಕೆಳಗೆ ಕೈ ಒಡ್ಡಿಕೊಂಡೇ ನಿಂತಿತು. ನೀರು ಬಿಡದಿದ್ದಾಗ ತುಟಿ ನಡುಗಿತು, ಅಳು ಶುರುವಾಯಿತು.

"ತೊಳಿಯಮ್ಮ ರೇಖಾ," ಎಂದಳು ಈಶ್ವರಮ್ಮ. "ಮಗು ಅಳ್ತಾ ಇದೆ."