ಪುಸ್ತಕದ ಸೊಸೆಗೆ ಹೆದರಿ ಹೂಡಿದ ಒಲೆ

ನಾನು ಅಕ್ಷರ ಕಲಿತದ್ದು ಮೊಮ್ಮಕ್ಕಳು ಹುಟ್ಟಿದ ಮೇಲೆ. ಬಸ್ಸಿನ ಬೋರ್ಡು ಓದುತ್ತೇನೆ, ರೇಷನ್ ಅಂಗಡಿಯ ಹಲಗೆ ಓದುತ್ತೇನೆ. ಕತೆಪುಸ್ತಕ ಓದುವಷ್ಟು ತಾಳ್ಮೆ ಇಲ್ಲ. ಆದರೂ ಒಂದು ಕತೆಪುಸ್ತಕದ ವಿಷಯ ಬರೆಯುತ್ತಿದ್ದೇನೆ. ಅದರ ದೆಸೆಯಿಂದ ನನ್ನ ಓರಗಿತ್ತಿಯ ಮನೆ ಎರಡು ಹೋಳಾಗುವುದರಲ್ಲಿತ್ತು.

ನಮ್ಮದು ಹುಣಸೂರಿನ ಕಡೆ ಹೊಗೆಸೊಪ್ಪು ಬೆಳೆಯುವ ಊರು. ಸೊಪ್ಪು ಬ್ಯಾರನ್ನಿನಲ್ಲಿ, ಅಂದರೆ ಬಿಸಿಗಾಳಿಯ ಗೂಡಿನಲ್ಲಿ, ಬೆಂದು ಹೊರಗೆ ಬಂದ ಮೇಲೆ ಹೆಂಗಸರು ಕೂತು ಬಣ್ಣ ನೋಡಿ ವಿಂಗಡಿಸಬೇಕು. ಹಳದಿ ಒಂದು ಕಡೆ, ಕಂದು ಒಂದು ಕಡೆ, ಸುಟ್ಟದ್ದು ಒಂದು ಕಡೆ. ಕೈಗೆ ಕೆಲಸ, ಬಾಯಿಗೆ ಬಿಡುವು. ನನ್ನ ಓರಗಿತ್ತಿ, ಅಂದರೆ ನನ್ನ ಗಂಡನ ತಮ್ಮನ ಹೆಂಡತಿ, ಗಂಡ ಸತ್ತ ಮೇಲೆ ಬ್ಯಾರನ್ನು, ಹೊಲ ಎಲ್ಲ ತಾನೇ ನೋಡಿಕೊಳ್ಳುತ್ತಿದ್ದಳು. ಪ್ರತಿ ವರ್ಷ ಡಿಸೆಂಬರಿನಲ್ಲಿ ಅವಳ ಹಜಾರದಲ್ಲೇ ನಮ್ಮ ಕೂಟ.

ಆ ವರ್ಷ ರೇಡಿಯೋ ಕೆಟ್ಟಿತ್ತು. ಅವಳ ಸೊಸೆ ಕೆ.ಆರ್. ನಗರದ ಕಡೆಯ ಹುಡುಗಿ, ಎಸ್ಸೆಸ್ಸೆಲ್ಸಿ ಪಾಸು. ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಪತ್ತೇದಾರಿ ಪುಸ್ತಕ ತಂದು, "ನಾನು ಓದ್ತೀನಿ, ನನ್ ಪಾಲಿನ ಸೊಪ್ಪು ನೀವು ನೋಡ್ಕಳಿ" ಅಂದಳು. ಒಪ್ಪಿದೆವು.

ಕತೆ ಇಷ್ಟು. ಬೆಟ್ಟದ ಮೇಲೆ ಎಸ್ಟೇಟಿನ ಬಂಗಲೆ. ಕ್ರಿಸ್‌ಮಸ್ ಹಬ್ಬ. ಅತ್ತೆ, ಮಗ, ಸೊಸೆ, ಅಡುಗೆಯವನು, ಬಂದ ನಾಲ್ಕು ಜನ ನೆಂಟರು. ಸೊಸೆ ಕೇಕು ಮಾಡುತ್ತಾಳೆ, ಎಲ್ಲರೂ ತಿನ್ನುತ್ತಾರೆ, ಅತ್ತೆ ಮಾತ್ರ ಕುರ್ಚಿಯಲ್ಲಿ ಕೂತಲ್ಲೇ ಸಾಯುತ್ತಾಳೆ. ಮಳೆಗೆ ದಾರಿ ಕುಸಿದು ಪೊಲೀಸರು ಬರುವ ಹಾಗಿಲ್ಲ. ಕೊಂದವರು ಒಳಗೇ ಇದ್ದಾರೆ.

ಅತ್ತೆ ಸಾಯುವುದಕ್ಕೆ ಮುಂಚೆಯೇ ನಮ್ಮಲ್ಲಿ ಜಗಳ ಶುರುವಾಯಿತು. ಆ ಮನೆಯವರು ಕಾಡಿನಿಂದ ಇಡೀ ಮರ ಕಡಿದು ತಂದು ನಡುಮನೆಯಲ್ಲಿ ನಿಲ್ಲಿಸಿದ್ದರು.

"ಮರ ಒಳೀಕ್ ತಂದವ್ರೆ ಅಂದ್ರೆ ಮದ್ವೆ ಇರ್ಬೇಕು" ಅಂದಳು ಹಿಟ್ಟಿನ ಗಿರಣಿಯವಳು.

"ಮದ್ವೆ ಅಲ್ಲ ಕಣಕ್ಕ, ಹಬ್ಬ" ಅಂದಳು ಓದುತ್ತಿದ್ದ ಹುಡುಗಿ.

"ಹಬ್ಬಕ್ಕೆ ಸೊಪ್ಪು ಕಟ್ತಾರೆ. ಮರಾನೇ ತಂದ್ರೆ ಅದ್ರೊಳಗಿರೋ ಹಾವು ಎಲ್ಗೋದದು? ಬರ್ಕೋ, ಆ ಮುದುಕೀನ ಕಡಿಯೋದು ಹಾವೇಯಾ."

ಆಗಿನ್ನೂ ಮುದುಕಿ ಬದುಕಿದ್ದಳು. ಮುದುಕಿ ಸಾಯುತ್ತಾಳೆ ಅಂತ ಗಿರಣಿಯವಳಿಗೆ ಹೇಗೆ ಗೊತ್ತಾಯಿತೆಂದು ಕೇಳಿದರೆ, "ಅವ್ಳು ಎಲ್ರನ್ನೂ ಬಯ್ಕಂಡು ಓಡಾಡ್ತಾವ್ಳೆ, ಅಂತೋರ್ ಉಳೀತಾರಾ" ಅಂದಳು. ಹೇಳುವಾಗ ನನ್ನ ಓರಗಿತ್ತಿಯ ಕಡೆ ನೋಡಿದಳು. ಅದು ನನಗೆ ಕಂಡಿತು. ಓರಗಿತ್ತಿಗೂ ಕಂಡಿತು.

ನಮ್ಮೊಳಗೆ ಒಬ್ಬಳು ಕಿರಿಸ್ತಾನರ ಹೆಂಗಸಿದ್ದಳು, ಅಚ್ಚುಕಟ್ಟಾಗಿ ಸೊಪ್ಪು ನೋಡುವವಳು. ಪುಸ್ತಕದಲ್ಲಿ ಏನೇ ನಡೆದರೂ ನಾವು ಅವಳನ್ನೇ ಕೇಳುತ್ತಿದ್ದೆವು. "ಏನಮ್ಮೀ, ಹೆಣ ಒಳಗ್ ಮಡಿಕಂಡು ಕಾಫಿ ಕುಡೀತಾವ್ರಲ್ಲ ನಿಮ್ಮೋರು, ಸೂತ್ಕ ಇಲ್ವಾ?"

"ನಂಗೇನ್ ಗೊತ್ತಕ್ಕ! ನಮ್ಮನೇಲಿ ಹಬ್ಬಕ್ಕೆ ನಾವ್ ಸಾಯ್ಸೋದು ಕೋಳಿ ಮಾತ್ರ."

ನನ್ನ ಅಭಿಪ್ರಾಯ ನೇರವಾಗಿತ್ತು. ಹೆಣವನ್ನು ಮಾಳಿಗೆಯಲ್ಲಿಟ್ಟು ಕೆಳಗೆ ಹಾಡು ಹೇಳಿದವರನ್ನೆಲ್ಲ ಒಟ್ಟಿಗೆ ಜೈಲಿಗೆ ಹಾಕಬೇಕು. ಕೊಂದವರು ಯಾರು ಅಂತ ಬೇರೆ ಹುಡುಕುವುದೇನು? ದನಕ್ಕೆ ಹುಲ್ಲು ಹಾಕಿದವರು ಯಾರೆಂದೂ ಆ ಪುಸ್ತಕದಲ್ಲಿ ಬರೆದಿರಲಿಲ್ಲ. ಎಸ್ಟೇಟಿನಲ್ಲಿ ದನ ಇಲ್ಲದೆ ಇರುತ್ತದಾ? ಅಷ್ಟು ಜನ ಮೂರು ಹೊತ್ತು ತಿಂದರೂ ಪಾತ್ರೆ ತೊಳೆಯುವ ಮಾತೇ ಇಲ್ಲ. ಬರೆದವನು ಗಂಡಸು ಅಂತ ಆಗಲೇ ಹೇಳಿದೆ.

ಹೆಚ್ಚಿನವರು ಸೊಸೆಯೇ ಕೊಂದದ್ದು ಅಂದರು. ಕೇಕು ಮಾಡಿದವಳು ಅವಳು, ಬಡಿಸಿದವಳು ಅವಳು. ಅದಾದ ಮೇಲೆ ಎರಡನೆಯ ಮಾತು ಬಂತು. ಕೊಂದದ್ದು ಸರಿಯೋ ತಪ್ಪೋ? ಅರ್ಧ ಜನ, "ಪಾಪ, ಇನ್ನೇನ್ ಮಾಡಾಳು, ಆ ಮುದ್ಕಿ ಕಾಟಕ್ಕೆ" ಅಂದುಬಿಟ್ಟರು. ಬಾಯಿಗೆ ಬಿಡುವಿದ್ದರೆ ಹೀಗೇ ಆಗುವುದು. ಓದುತ್ತಿದ್ದ ಹುಡುಗಿಯೂ ತಲೆ ಎತ್ತದೆ ಒಂದಿಷ್ಟು ನಕ್ಕಳು.

ಆವತ್ತು ಮಧ್ಯಾಹ್ನ ನನ್ನ ಓರಗಿತ್ತಿ ಸೊಸೆ ಇಕ್ಕಿದ ಮುದ್ದೆ ಮುಟ್ಟಲಿಲ್ಲ. ಹಿತ್ತಲ ಜಗಲಿಯ ಮೇಲೆ ಮೂರು ಕಲ್ಲು ಹೂಡಿ, ತಾನೇ ಹಿಟ್ಟು ತೊಳಸಿ, ತಾನೇ ಉಪ್ಸಾರು ಕುದಿಸಿ ಉಂಡಳು.

"ಇದೇನ್ಲೇ ಇದು?" ಅಂದೆ.

"ಅಕ್ಕ, ಅವ್ಳು ಓದೋವಾಗ ನೀನು ಮುಖ ನೋಡ್ದಾ? ಇಸದ ಜಾಗ ಬಂದಾಗ ದನಿ ತಗ್ಗುಸ್ತಾಳೆ. ಪಾಠ ಉರು ಹೊಡೀತಾವ್ಳೆ ಕಣಕ್ಕ."

"ಪಾಠ ಉರು ಹೊಡ್ಯೋಳು ನಿನ್ನ ಮುಂದ್ ಕೂತು ಗಟ್ಟಿಯಾಗಿ ಓದ್ತಾಳಾ?"

"ಅದೇ ಅವ್ಳ ಬುದ್ಧಿ."

ತಮಾಷೆ ಅಂದುಕೊಂಡೆ. ಆದರೆ ನಮ್ಮ ಕಡೆ ಒಂದು ಮನೆಯಲ್ಲಿ ಎರಡು ಒಲೆ ಉರಿಯಿತೆಂದರೆ ಪಾಲಾಯಿತು ಅಂತಲೇ ಲೆಕ್ಕ. ಕಾಗದ, ತಾಲ್ಲೂಕಾಪೀಸು ಎಲ್ಲ ಆಮೇಲೆ. ಮೊದಲು ಹೊಗೆ ನೋಡುತ್ತಾರೆ. ಹಿತ್ತಲಲ್ಲಿ ಹೊಗೆ ಎದ್ದದ್ದನ್ನು ಊರು ಕಂಡಿತು. ಕೋಟೆ ಪಟ್ಟಣದಲ್ಲಿ ಸೈಕಲ್ ಷಾಪು ಇಟ್ಟುಕೊಂಡಿದ್ದ ಅವಳ ಕಿರಿ ಮಗನಿಗೆ ಸುದ್ದಿ ಮುಟ್ಟಿತು. ಬಸ್ಸಿಳಿದವನೇ, "ಪಾಲು ಆಯ್ತಂತೆ, ನನ್ ಭಾಗ ಯಾವ್ದು" ಅಂತ ಬಂದು ನಿಂತ. ಬ್ಯಾರನ್ನು ಒಂದೇ. ಅದನ್ನು ಗೋಡೆ ಕಟ್ಟಿ ಎರಡು ಮಾಡಲಾಗುವುದಿಲ್ಲ. ಒಬ್ಬರಿಗೆ ಬ್ಯಾರನ್ನು ಹೋದರೆ ಇನ್ನೊಬ್ಬರು ಸೊಪ್ಪನ್ನು ಕೊಂಬೆಗೆ ನೇತುಹಾಕಬೇಕು.

ಹಿರಿ ಮಗ, ಅಂದರೆ ಆ ಹುಡುಗಿಯ ಗಂಡ, ಅಮ್ಮನ ಕೈಕಾಲು ಹಿಡಿದ. ಓರಗಿತ್ತಿ ಕರಗಲಿಲ್ಲ. "ಅವ್ಳನ್ನ ತೌರಿಗ್ ಕಳ್ಸು, ಒಲೆ ಆರಿಸ್ತೀನಿ. ಇಲ್ಲ ಅಂದ್ರೆ ಪಾಲೇಯಾ" ಅಂದುಬಿಟ್ಟಳು. ಹುಡುಗಿ ಒಳಗೆ ಹೋಗಿ ಟ್ರಂಕಿನ ಮೇಲೆ ಕೂತಳು. ತವರಿನಲ್ಲಿ ಇನ್ನೂ ಇಬ್ಬರು ತಂಗಿಯರು ಮದುವೆಗಿದ್ದರು. ಅಕ್ಕ ಪುಸ್ತಕ ಓದಿ ವಾಪಸು ಬಂದವಳು ಅಂದರೆ ಅವರನ್ನು ಯಾರು ಕೇಳುತ್ತಾರೆ?

ನಾನು ಅವಳ ಹತ್ತಿರ ಹೋಗಿ, "ಕೊನೇಲಿ ಯಾರ್ ಕೊಂದಿರೋದು, ಹೇಳ್ಬುಡು. ಸೊಸೆ ಅಲ್ಲ ಅಂದ್ರೆ ಎಲ್ಲ ಮುಗೀತದೆ" ಅಂದೆ. ಅವಳು ಆಗಲೇ ಒಬ್ಬಳೇ ಕೂತು ಪೂರ್ತಿ ಓದಿ ಮುಗಿಸಿದ್ದಳು.

"ಹೇಳಲ್ಲ ದೊಡ್ಡತ್ತೆ."

"ಯಾಕವ್ವ?"

"ಕೊನೆ ಮೊದ್ಲೇ ಹೇಳ್ಬುಟ್ರೆ ಕತೆ ಕೆಡ್ತದೆ."

"ನಿನ್ ಸಂಸಾರ ಕೆಡ್ತಾ ಅದೆ ಕಣೆ!"

"ಕೆಟ್ರೂ ಸೈ. ಕೇಳೋ ಅಂಗಿದ್ರೆ ಮೊದ್ಲಿಂದ ಕೇಳ್ಲಿ."

ಇಂಥ ಹಟಮಾರಿಯನ್ನು ನಾನು ಕಂಡಿಲ್ಲ. ಅತ್ತೆ ಸೊಸೆ ಇಬ್ಬರೂ ಒಂದೇ ಕಲ್ಲಿನಲ್ಲಿ ಕಡೆದವರು.

ಪಾಲು ಮಾಡಿಕೊಡಲು ಹಂಪಾಪುರದಿಂದ ಓರಗಿತ್ತಿಯ ಅಣ್ಣ ಬಂದ. ಊರಿನ ಮೂವರು ಹಿರಿಯರು ಹಜಾರದಲ್ಲಿ ಕೂತರು. ಪಾಲಿಗೆ ಕಾರಣವೇನು ಅಂತ ಕೇಳಿದರು. ನನ್ನ ಓರಗಿತ್ತಿ ಸೆರಗು ಸರಿಮಾಡಿಕೊಂಡು ಎಲ್ಲ ಹೇಳಿದಳು. ಬಂಗಲೆ, ಕೇಕು, ಮುದುಕಿ.

ಅಣ್ಣ ಹಿರಿಯರ ಕಡೆ ತಿರುಗಿದ. "ಒಂದ್ ಕಡೆ ಮಾತ್ ಕೇಳಿ ನ್ಯಾಯ ಏಳಕಾಯ್ತದಾ? ಆ ಪುಸ್ತಕ ತರ್ಸಿ. ಓದವ್ವ."

"ನಡುವಿಂದ ಓದ್ಲಾ ಮಾವ?"

"ಮೊದ್ಲಿಂದ ಓದು. ನಡುವಿಂದ ಕೇಳ್ದೋರೇ ಈ ಮನೆ ಆಳ್ ಮಾಡಿರೋದು."

ಹುಡುಗಿ ಕಣ್ಣೊರೆಸಿಕೊಂಡು ಓದಲು ಕೂತಳು. ಮರ ಬರುತ್ತಿದ್ದ ಹಾಗೇ ಒಬ್ಬ ಹಿರಿಯ, "ಅದು ಯಾವ ಮರ? ಪರ್ಮಿಟ್ ಅದಾ?" ಅಂದ. ಇನ್ನೊಬ್ಬನಿಗೆ ಆ ಎಸ್ಟೇಟು ಎಷ್ಟು ಎಕರೆ, ಮುದುಕಿ ಹೆಸರಲ್ಲಿದೆಯೋ ಜಂಟಿಯೋ ಎಂಬುದೇ ಮುಖ್ಯ. ಅದು ಪುಸ್ತಕದಲ್ಲಿಲ್ಲ ಅಂದರೆ, "ಅದನ್ನೇ ಬರೀದೇ ಇನ್ನೇನ್ ಬರ್ದವ್ನೆ" ಅಂತ ಕೋಪ ಮಾಡಿಕೊಂಡ. ಪಾಲು ಕೇಳಲು ಬಂದಿದ್ದ ಕಿರಿ ಮಗನೂ ಕಂಬಕ್ಕೆ ಒರಗಿ ಕೂತು, ಅಡುಗೆಯವನ ಮೇಲೆ ಅನುಮಾನಪಟ್ಟ.

ಊಟದ ಹೊತ್ತಾಯಿತು. ಆಗ ಪುಸ್ತಕದಲ್ಲಿ ಮುದುಕಿ ಸತ್ತು ಬಿದ್ದಿದ್ದಳು, ದೀಪ ಆರಿತ್ತು. ಹುಡುಗಿ ಪುಸ್ತಕ ಮಡಚಿ, "ಅಡ್ಗೆ ಮಾಡ್ಬೇಕು" ಅಂತ ಎದ್ದಳು.

"ಕೂತ್ಕವ್ವ!" ಅಂದ ಅಣ್ಣ. "ಈಗ್ ಎದ್ರೆ ಎಂಗೆ? ಅಡ್ಗೆ ಅವ್ಳು ಮಾಡ್ತಾಳೆ."

ಅವಳು ಅಂದರೆ ಅವನ ತಂಗಿ. ಅಣ್ಣ ಹೇಳಿದ ಮೇಲೆ ಇಲ್ಲ ಅನ್ನುವ ಹಾಗಿಲ್ಲ. ಬಂದವರಿಗೆ ಅನ್ನ ಹಾಕದಿದ್ದರೆ ಮರ್ಯಾದೆ ಇರುವುದಿಲ್ಲ. ಓರಗಿತ್ತಿ ಹಿತ್ತಲಿಗೆ ಹೋದಳು. ಮೂರು ಕಲ್ಲಿನ ಮೇಲೆ ದೊಡ್ಡ ಮಡಕೆ ನಿಲ್ಲಲಿಲ್ಲ, ಒಂದು ಕಡೆ ವಾಲಿತು. ಎರಡು ಸಲ ನೋಡಿದಳು, ಬೈದಳು, ಕೊಳ್ಳಿಗಳನ್ನು ಎಳೆದು ತಂದು ಒಳಗಿನ ದೊಡ್ಡ ಒಲೆಗೇ ಇಟ್ಟಳು. ಎಲ್ಲರಿಗೂ ಮುದ್ದೆ, ಅವರೆಕಾಯಿ ಸಾರು. ನಡುವೆ ನಾಲ್ಕು ಸಲ ಸೌಟು ಹಿಡಿದೇ ಹಜಾರದ ಬಾಗಿಲಿಗೆ ಬಂದು, "ಯಾರಂತೆ? ಯಾರಂತೆ?" ಅಂತ ಕೇಳಿ ಹೋದಳು. ಓದುವವಳ ಮುಂದೆ ಎಲೆ ಹಾಕಿ ಬಡಿಸಿದವಳೂ ಅವಳೇ. ಆ ಹುಡುಗಿ ಒಂದು ಕೈಯಲ್ಲಿ ಪುಸ್ತಕ ಹಿಡಿದು ಅತ್ತೆ ಇಕ್ಕಿದ್ದನ್ನು ಉಂಡಳು. ವಿಷ ಇದೆಯೋ ಇಲ್ಲವೋ ಅಂತ ಕೇಳಲೇ ಇಲ್ಲ.

ಉಂಡು ಕೈ ತೊಳೆಯಲು ಹಿತ್ತಲಿಗೆ ಹೋದ ಅಣ್ಣ ಬೂದಿ ನೋಡಿಕೊಂಡು ಬಂದ.

"ಇದೇನವ್ವ, ಹಿತ್ತಲ ಒಲೆ ತಣ್ಣಗದೆ?"

"ಅದ್ರಲ್ಲಿ ಮಡಿಕೆ ಕೂರ್ನಿಲ್ಲ ಕಣಣ್ಣ."

"ಅಂಗಾದ್ರೆ ಇಡೀ ಮನೆಗೆ ಬೆಂದಿದ್ದು ಒಂದೇ ಒಲೇಲಿ. ಒಂದೊಲೆ ಮನೇನ ಪಾಲ್ ಮಾಡಕೆ ನಮ್ಮನ್ನ ಕರ್ಸಿದ್ದೀಯಲ್ಲ! ಪಾಲು ಇಲ್ಲ, ಏನೂ ಇಲ್ಲ." ಕಿರಿ ಮಗನ ಕಡೆ ತಿರುಗಿ, "ಏನ್ಲಾ?" ಅಂದ.

"ಅದ್ ಆಮೇಲ್ ನೋಡಾನ ಮಾವ, ಮೊದ್ಲು ಓದುಸ್ರಿ" ಅಂದ ಅವನು.

ಸಂಜೆ ದನ ಬರುವ ಹೊತ್ತಿಗೆ ಪುಸ್ತಕ ಮುಗಿಯಿತು. ಕೊಂದದ್ದು ಸೊಸೆಯಲ್ಲ, ಅಡುಗೆಯವನೂ ಅಲ್ಲ, ಹಾವೂ ಅಲ್ಲ. ಮಗ. ಅಮ್ಮನ ಕಾಲು ಒತ್ತುತ್ತಿದ್ದ, ಎಲ್ಲರಿಗಿಂತ ಹೆಚ್ಚು ಅತ್ತಿದ್ದ ಮಗ. ಮರದ ಕೆಳಗೆ ಅಮ್ಮನಿಗೆಂದೇ ಇಟ್ಟಿದ್ದ ಮಿಠಾಯಿ ಡಬ್ಬಿಯಲ್ಲಿ ವಿಷ ಬೆರೆಸಿದ್ದ. ಬಾಗಿಲಲ್ಲಿ ಕೂತು ಕೇಳುತ್ತಿದ್ದ ಗಿರಣಿಯವಳು ಹಾವೇ ಚೆನ್ನಾಗಿತ್ತು ಅಂದಳು. ಅವಳ ಮಾತು ನನಗೂ ಸರಿ ಕಂಡಿತು.

ಮಾರನೆಯ ದಿನದಿಂದ ನನ್ನ ಓರಗಿತ್ತಿ ಸೊಸೆ ಇಕ್ಕಿದ್ದನ್ನು ಉಣ್ಣತೊಡಗಿದಳು. ಇನ್ನೊಂದು ಮುದ್ದೆಯನ್ನೂ ಹಾಕಿಸಿಕೊಂಡಳು. ಹುಡುಗಿ ಟ್ರಂಕನ್ನು ಮಂಚದ ಕೆಳಗೆ ತಳ್ಳಿದಳು. ವಾರ ಕಳೆದು ಹಿರಿ ಮಗ ಹುಣಸೂರಿನ ಹರಾಜಿಗೆ ಸೊಪ್ಪು ಹಾಕಿ, ಅಮ್ಮನಿಗೆ ಅಂತ ಮೈಸೂರ್ ಪಾಕಿನ ಪೊಟ್ಟಣ ಹಿಡಿದು ಬಂದ. ನಾನೂ ಅಲ್ಲೇ ಕೂತಿದ್ದೆ. ಓರಗಿತ್ತಿ ಪೊಟ್ಟಣ ಬಿಚ್ಚಿ ನೋಡಿದಳು, ಅವನ ಮುಖ ನೋಡಿದಳು.

"ನೀ ಮೊದ್ಲು ತಿನ್ಲಾ."

ಅವನು ಒಂದು ತಿಂದ.

"ಇನ್ನೊಂದು."

ಆ ಪೊಟ್ಟಣದಲ್ಲಿ ನಮಗೆ ಒಂದು ಚೂರೂ ಉಳಿಯಲಿಲ್ಲ.