ನೀಲಗಿರಿ ತೊಲೆಯ ಹಿಂಬದಿ

ಎದುರುಮನೆಯ ಸ್ಲ್ಯಾಬಿಗೆ ಆಧಾರ ಕೊಡಲು ಇವತ್ತು ನೀಲಗಿರಿ ಕಂಬಗಳನ್ನು ತಂದು ಇಳಿಸಿದರು. ಹಸಿ ತೊಗಟೆಯ ವಾಸನೆ ಮೂಗಿಗೆ ಬಡಿದದ್ದೇ, ತೊಂಬತ್ತು ದಾಟಿದ ನಾನು ಮತ್ತೆ ಹುಡುಗಿಯಾಗಿ ಯಲ್ಲಾಪುರದ ನಮ್ಮ ಹಿತ್ತಲಿನಲ್ಲಿ ನಿಂತಿದ್ದೆ.

ಸಾಗವಾನಿ ಸರಕಾರದ್ದು, ಮುಟ್ಟುವಂತಿರಲಿಲ್ಲ. ಅರಣ್ಯ ಇಲಾಖೆಯ ಸಾಹೇಬರ ಬಂಗಲೆಯಲ್ಲಿ ಗಾಳಿಗೆ ಬಿದ್ದ ನೀಲಗಿರಿಯನ್ನು ಅಪ್ಪಯ್ಯ ಕೇಳಿ ತಂದಿದ್ದ, ಹೊಸ ಕೊಟ್ಟಿಗೆಯ ತೊಲೆಗೆಂದು. ಬಡಗಿ ಮಂಜಾಚಾರಿ ದಿಮ್ಮಿಗಳನ್ನು ನೆರಳಿಗೆ ಹಾಕಿಸಿ ನನ್ನನ್ನು ಕರೆದ. "ಇದು ಸಿಟ್ಟಿನ ಮರ ತಂಗಿ, ಬೇಗ ಒಣಗಿದ್ರೆ ಸೀಳ್ತದೆ. ಎರಡೂ ತುದಿಗೆ ದಿನಾ ಸಗಣಿ ಬಳಿ."

ಹಿಂಬದಿಯ ತುದಿಗಳ ಹತ್ತಿರದ ಗಿಡದಲ್ಲಿ ಕಚ್ಚುವ ಕೆಂಪು ಚಗಳಿ ಇರುವೆಯ ಗೂಡಿತ್ತು. ನಾನು ಕಾಣುವ ಬದಿಗಷ್ಟೇ ಬಳಿದೆ. "ಎರಡೂ ಬದಿಗೆ ಬಳದ್ಯನೆ?" ಎಂದು ಅಪ್ಪಯ್ಯ ಕೇಳಿದಾಗಲೆಲ್ಲ "ಹೂಂ" ಅಂದೆ.

ತೊಲೆ ಎತ್ತುವ ದಿನ ನೋಡಿದರೆ ಹಿಂಬದಿ ಮೊಳದುದ್ದ ಸೀಳಿತ್ತು. "ಮರದ ಗುಣ ಗೊತ್ತಿಲ್ದೇ ಉಳಿ ಹಿಡಿತ್ಯಾ?" ಎಂದು ಅಪ್ಪಯ್ಯ ನಾಲ್ಕು ಜನರೆದುರು ಆಚಾರಿಯ ಮೇಲೆ ಹರಿಹಾಯ್ದ. ಆಚಾರಿ ಸೀಳಿದ ತುದಿಯ ಮೇಲೆ ಬೆರಳಾಡಿಸಿದ. ಸಗಣಿಯ ಗುರುತೇ ಇಲ್ಲದ್ದು ಅವನಿಗೆ ತಿಳಿಯಿತು. ನನ್ನತ್ತ ಒಮ್ಮೆ ನೋಡಿ, "ನನ್ನ ಅಂದಾಜೇ ತಪ್ಪಿತು ಹೆಗಡೇರೆ" ಎಂದ. ಉಳಿಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋದವನು ಮತ್ತೆ ನಮ್ಮನೆ ಕೆಲಸಕ್ಕೆ ಬರಲಿಲ್ಲ. ಅಪ್ಪಯ್ಯ ಸಾಯುವವರೆಗೂ ಅವನನ್ನು "ಮರ ಕೆಡಿಸಿದವ" ಎಂದೇ ಕರೆದ. ನಾನು ಕೇಳುತ್ತಾ ಕೂತಿರುತ್ತಿದ್ದೆ.

ಸಂಜೆ ಕೋಲೂರಿಕೊಂಡು ಹೋಗಿ ಆ ಕಂಬಗಳ ತುದಿಗಳನ್ನು ಮುಟ್ಟಿ ನೋಡಿದೆ. "ಎಂತ ಹುಡುಕ್ತಿದ್ರಿ ಅಜ್ಜಿ?" ಎಂದು ಕೆಲಸದವನೊಬ್ಬ ಕೇಳಿದ. "ಎಂತ ಇಲ್ಲೆ" ಎಂದು ಅವನಿಗೂ ಸುಳ್ಳು ಹೇಳಿಯೇ ಬಂದೆ.