ತಪ್ಪು ಹೇಳುವವರು ಬೇಕಾಗಿದ್ದರು

ಬರೆಯುವವರೆಲ್ಲ ಸೇರುವ ಒಂದು ಕಟ್ಟೆ ಫೋನಿನೊಳಗೆ ಇದೆ ಎಂದು ನನಗೆ ಹೇಳಿದವಳು ನನ್ನ ಸೊಸೆ. ನನ್ನ ಕಾಟ ತಪ್ಪಲಿ ಎಂದೇ ಹೇಳಿದಳು. ನಾನು ನೋಟ್‌ಬುಕ್ಕಿನಲ್ಲಿ ನಮ್ಮ ಹಳೇ ಮನೆಯ ಸಂಗತಿ ಬರೆದಿದ್ದೆ. ಬೆಟಗೇರಿಯ ಓಣಿ, ಒಂದು ಪಡಸಾಲೆ, ಎರಡು ಮಗ್ಗ, ಮಗ್ಗದ ಮುಂದೆ ಆ ಮನೆಯ ಇಬ್ಬರು ಸೊಸೆಯಂದಿರು: ನಾನು ಮತ್ತು ನನ್ನ ಮೈದುನನ ಹೆಂಡತಿ. ನಾನು ಶಾಲೆ ಕಂಡದ್ದು ಮೂರನೇ ಇಯತ್ತೆಯವರೆಗೆ. ಆಮೇಲೆ ಓದಿದ್ದೆಲ್ಲ ನೂಲು ಸುತ್ತಿಕೊಂಡು ಬರುತ್ತಿದ್ದ ಹಳೇ ಪೇಪರು. ಆದರೂ ಹನ್ನೊಂದು ಪುಟ ಬರೆದೆ. ಬರೆದ ಮೇಲೆ ಎಲ್ಲೋ ಏನೋ ಸರಿ ಇಲ್ಲ ಅನ್ನಿಸುತ್ತಿತ್ತು. ಎಲ್ಲಿ ಎಂದು ಕೈಗೆ ಸಿಗಲಿಲ್ಲ. ಸೊಸೆಗೆ ಓದಲು ಕೊಟ್ಟೆ. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ.

"ಚಲೋ ಐತ್ರಿ ಅತ್ತಿ," ಅಂದಳು.

"ಎಷ್ಟು ಓದಿದಿ?"

"ಎಲ್ಲಾ ಓದೇನ್ರಿ."

"ನಡುವ ಎರಡು ಹಾಳಿ ಗಂಜಿ ಬಿದ್ದು ಅಂಟಿಕೊಂಡಿದ್ವಲ್ಲ, ಬಿಡಿಸಿದೇನು?"

ಅವಳು ಮಷಿನ್ನು ತುಳಿಯತೊಡಗಿದಳು. ಮಾರನೇ ದಿನ ತನ್ನ ಹಳೇ ಫೋನು ತಂದು ನನ್ನ ಕೈಗಿಟ್ಟು, "ಇದರಾಗ ಓದಾವ್ರು ಭಾಳ ಮಂದಿ ಅದಾರ್ರಿ. ನನ್ನ ಬಿಡ್ರಿ," ಅಂದಳು.

ಸೇರುವುದೇ ಒಂದು ದೊಡ್ಡ ಕೆಲಸ. ಮೊದಲು ಹೆಸರು ಕೇಳಿತು, ಹಾಕಿದೆ. ಆ ಹೆಸರಿನವರು ಆಗಲೇ ಇದ್ದಾರೆ, ಬೇರೆ ಹೆಸರು ಕೊಡಿ ಅಂದಿತು. ನನ್ನ ಹೆಸರಿನವರು ನಮ್ಮ ಓಣಿಯಲ್ಲೇ ಮೂವರಿದ್ದೇವೆ. ನೀನು ಹೆಸರು ಬಿಡು ಎಂದು ಯಾರೂ ಯಾರಿಗೂ ಅಂದಿಲ್ಲ. ಹೆಸರಿನ ಮುಂದೆ ನಮ್ಮ ಮನೆ ನಂಬರು ಸೇರಿಸಿದೆ. ಆಮೇಲೆ ಪಾಸ್‌ವರ್ಡ್. ಇಂಗ್ಲಿಷಿನ ದೊಡ್ಡ ಅಕ್ಷರ ಬೇಕು, ಸಣ್ಣದು ಬೇಕು, ಅಂಕಿ ಬೇಕು, ಒಂದು ನಕ್ಷತ್ರವೂ ಬೇಕು. ಮನೆಯ ಮುಂಬಾಗಿಲಿಗೂ ನಾನು ಇಷ್ಟು ಕೀಲಿ ಹಾಕಿದವಳಲ್ಲ. ಅದಾದ ಮೇಲೆ ನೀವು ಮನುಷ್ಯರೇ ಎಂದು ಕೇಳಿ, ಬಸ್ಸು ಇರುವ ಚಿತ್ರಗಳನ್ನು ಒತ್ತಿ ಅಂದಿತು. ಲಕ್ಷ್ಮೇಶ್ವರದ ಬಸ್ಸಿಗೆ ಕೈ ಮಾಡಿ ಮಾಡಿಯೇ ಈ ವಯಸ್ಸಿಗೆ ಬಂದಿದ್ದೇನೆ. ಆದರೆ ಅಲ್ಲಿದ್ದವು ಯಾವ ದೇಶದ ಬಸ್ಸೋ, ಎರಡು ಸಲ ಮನುಷ್ಯಳಲ್ಲ ಅನ್ನಿಸಿಕೊಂಡೆ. ಮೂರನೇ ಸಲ ಸೊಸೆ ಕೈಚೀಲ ಹಿಡಿದು ಸಂತೆಗೆ ಹೊರಟವಳು ನಿಂತು, ತಾನೇ ಒತ್ತಿ ಹೋದಳು.

ಒಳಗೆ ಹೋದ ಮೇಲಾದರೂ ಬರೆದದ್ದನ್ನು ಹಾಕೋಣವೆಂದರೆ ಅದಕ್ಕೂ ನಿಯಮ. ಹೊಸಬರು ಮೊದಲು ಬೇರೆ ಮೂವರ ಬರಹ ಓದಿ ಅಭಿಪ್ರಾಯ ಬರೆಯಬೇಕು. ಆಮೇಲೇ ತಮ್ಮದು. ಇದು ನನಗೆ ಸರಿ ಅನ್ನಿಸಿತು. ಸೇರಿದಾಗಿನಿಂದ ಸರಿ ಅನ್ನಿಸಿದ್ದು ಅದೊಂದೇ.

ಮೊದಲು ಸಿಕ್ಕಿದ್ದು ಶಿರಹಟ್ಟಿಯ ಒಬ್ಬ ಮಾಸ್ತರರು ತಾಯಿಯ ಮೇಲೆ ಬರೆದ ಕವಿತೆ. ನಾನು ಬರೆದೆ: "ತಾಯಿ ಅನ್ನುವ ಮಾತು ಹದಿನಾಲ್ಕು ಸಲ ಬಂದಿದೆ. ತಾಯಿ ಏನು ಮಾಡುತ್ತಿದ್ದಳು ಅನ್ನುವುದು ಒಂದು ಸಲವೂ ಬಂದಿಲ್ಲ." ಎರಡನೆಯದು ಮುಂಡರಗಿಯ ಕಡೆಯವರೊಬ್ಬರ ಕಥೆ. ಅದರಲ್ಲಿ ಒಬ್ಬ ನೇಕಾರ ಕಾಲು ಮಡಚಿಕೊಂಡು ಮಗ್ಗದ ಮುಂದೆ ಕೂತು ಹಗಲೆಲ್ಲ ನೇಯುತ್ತಾನೆ. ಅಲ್ಲಿ ಬರೆದೆ: "ಕಾಲು ಮಗ್ಗದ ಕೆಳಗಿನ ಕುಣಿಯೊಳಗೆ ಇಳಿಬಿಟ್ಟು ತುಳಿಯದಿದ್ದರೆ ಎಳೆ ಬಾಯಿ ಬಿಡುವುದಿಲ್ಲ, ಲಾಳಿ ಹೋಗುವುದಿಲ್ಲ. ನಿಮ್ಮ ನೇಕಾರ ಹಗಲೆಲ್ಲ ಬರೀ ಕೂತಿದ್ದಾನೆ." ಮೂರನೆಯದು ಲಕ್ಷ್ಮೇಶ್ವರದ ಒಬ್ಬ ಹೆಣ್ಣುಮಗಳದು, ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳ ಬಗ್ಗೆ ಒಂದು ಕವಿತೆ. ಹಕ್ಕಿಗಳು ಧ್ಯಾನಕ್ಕೆ ಕೂತಿವೆ ಎಂದಿತ್ತು. "ಆ ಕೆರೆ ನಾನು ನೋಡಿದ್ದೇನೆ. ಹಕ್ಕಿಗಳು ಒದರಿ ಒದರಿ ಕಿವಿ ಕಿತ್ತು ಹಾಕುತ್ತವೆ, ಸುತ್ತಲಿನ ಹೊಲದ ಶೇಂಗಾ ತಿನ್ನುತ್ತವೆ. ನೀವು ಹೋಗಿ ಬರೆದಿದ್ದೀರೋ ಫೋಟೋ ನೋಡಿ ಬರೆದಿದ್ದೀರೋ?" ಎಂದು ಹಾಕಿದೆ.

ಮೂರು ಆಯಿತು, ಇನ್ನು ನನ್ನ ಪಾಳಿ ಎಂದು ಕೂತರೆ ಕಟ್ಟೆ ನಡೆಸುವವರಿಂದ ಎಚ್ಚರಿಕೆ ಬಂತು. "ಮಾನ್ಯರೇ, ತಮ್ಮ ಅಭಿಪ್ರಾಯಗಳಿಂದ ಸದಸ್ಯರಿಗೆ ನೋವಾಗಿದೆ. ಮೊದಲು ಬರಹದ ಒಳ್ಳೆಯ ಅಂಶ ಹೇಳಿ ನಂತರ ಸಲಹೆ ನೀಡುವುದು ನಮ್ಮ ಪದ್ಧತಿ. ಮರುಕಳಿಸಿದರೆ ಸದಸ್ಯತ್ವ ರದ್ದಾಗುತ್ತದೆ."

ಸೊಸೆಗೆ ತೋರಿಸಿದೆ.

"ಇದೇನತ್ತಿ, ಮೂರೂ ಮಂದಿಗೆ ಬೈದೀರೇನು?"

"ಬೈದಿಲ್ಲ. ನೋಡಿ ಹೇಳೇನಿ."

"ಹಂಗ ಮಾರಿಗೆ ಹೊಡದಂಗ ಹೇಳ್ತಾರೇನ್ರಿ?"

ನಮ್ಮ ಓಣಿಯಲ್ಲಿ ಹೇಳುತ್ತಿದ್ದದ್ದು ಹಾಗೆಯೇ. ಸೀರೆ ಮಗ್ಗದ ಮೇಲಿರುವಾಗ ಚೆನ್ನಾಗಿದೆ ಅನ್ನುವ ಹಾಗಿಲ್ಲ, ದೃಷ್ಟಿ ತಾಗುತ್ತದೆ. ಇಳಿಸಿದ ಮೇಲೆ ಹಿರಿಯ ಹೆಂಗಸರು ಬಂದು ತಿರುವಿ ಹಾಕಿ ಹಿಂಬದಿ ನೋಡುವರು, ಅಂಗೈಯಿಂದ ಸವರುವರು. ಇಲ್ಲಿ ಎಳೆ ಕಡಿದಿದೆ, ಇಲ್ಲಿ ಸೀರೆಯಂಚಿನ ದಡಿ ಸೊಟ್ಟ ಅನ್ನುವರು. ಏನೂ ತಪ್ಪು ಸಿಗದಿದ್ದರೆ ಮಾತಾಡದೆ ಮಡಚಿ ಕೈಗೆ ಕೊಟ್ಟು ಹೋಗುವರು. ಆ ಮಾತಿಲ್ಲದ ಹೊತ್ತಿಗಾಗಿ ನಾವು ತಿಂಗಳುಗಟ್ಟಲೆ ಸೊಂಟ ನೋಯಿಸಿಕೊಂಡಿದ್ದೇವೆ. ಕಟ್ಟೆಯಲ್ಲೂ ಹಾಗೇ ಎಂದುಕೊಂಡಿದ್ದೆ. ನನಗೆ ಬೇಕಾಗಿದ್ದದ್ದೂ ಅದೇ. ನನ್ನ ಹನ್ನೊಂದು ಪುಟವನ್ನು ಯಾರಾದರೂ ತಿರುವಿ ಹಾಕಿ, ಇಲ್ಲಿ ಕಡಿದಿದೆ ನೋಡು ಅನ್ನಬೇಕಿತ್ತು.

ಸದಸ್ಯತ್ವ ಹೋದರೆ ಅದೂ ಇಲ್ಲ. ಆದ್ದರಿಂದ ಮೂವರಿಗೂ ಒಂದೊಂದು ಒಳ್ಳೆಯ ಮಾತು ಬರೆದು ಹಾಕಿದೆ. ಮಾಸ್ತರರಿಗೆ, "ಅಕ್ಷರ ದೊಡ್ಡವಾಗಿವೆ, ಚಷ್ಮಾ ಬೇಕಾಗಲಿಲ್ಲ." ಕಥೆಯವರಿಗೆ, "ಕಥೆ ಜಲ್ದಿ ಮುಗಿಯಿತು." ಹಕ್ಕಿಯವರಿಗೆ, "ಕೆರೆಯ ಹೆಸರು ಸರಿಯಾಗಿ ಬರೆದಿದ್ದೀರಿ." ಕಟ್ಟೆಯವರು ಏನೂ ಅನ್ನದೆ ದಾರಿ ಬಿಟ್ಟರು.

ಒಂದು ಬೆರಳಲ್ಲಿ ಹನ್ನೊಂದು ಪುಟ, ಪುಟದ ನಂಬರಿನ ಸಮೇತ, ಒತ್ತಲು ಒಂಬತ್ತು ದಿನ ಹಿಡಿಯಿತು. ಎರಡು ಸಲ ಬರೆದದ್ದೆಲ್ಲ ಹಾರಿಹೋಯಿತು, ಎಲ್ಲಿಗೆ ಹೋಯಿತೆಂದು ಫೋನಿಗೂ ಗೊತ್ತಿಲ್ಲ. ಕೊನೆಗೆ ಹಾಕಿದೆ. ಸಂಜೆಯೊಳಗೆ ಇಪ್ಪತ್ತಾರು ಮಂದಿ ಉತ್ತರ ಬರೆದರು. ಎಲ್ಲವೂ ಕೈ ಮುಗಿದ ಚಿತ್ರ, ಹೂವು, ಹೃದಯ. "ಅದ್ಭುತ ಅಜ್ಜಿ." "ಕಣ್ಣು ತುಂಬಿ ಬಂತು ಅಜ್ಜಿ." "ಮಗ್ಗದ ಮುಂದೆ ಕೂತ ನಿಮ್ಮದೊಂದು ಫೋಟೋ ಹಾಕಿ ಅಜ್ಜಿ." ಇವರಿಗೆಲ್ಲ ನಾನು ಯಾವಾಗ ಅಜ್ಜಿಯಾದೆನೋ. "ಎಲ್ಲಿ ತಪ್ಪಿದೆ ಹೇಳಿ," ಎಂದು ಬರೆದೆ. "ಎಂಥ ವಿನಯ!" ಎಂದು ಒಬ್ಬರು. "ನಿಮ್ಮಂಥವರ ಬರಹದಲ್ಲಿ ತಪ್ಪು ಹುಡುಕಬಾರದು," ಎಂದು ಇನ್ನೊಬ್ಬರು. ತಲೆ ಕೆಟ್ಟಿತು. ಸೀರೆ ಒಯ್ದು ಹಾಸಿದರೆ ಯಾರೂ ಮುಟ್ಟದೆ ದೂರದಿಂದ ಕೈ ಮುಗಿದು ಹೋದಂತೆ. ಹೀಗೇ ನಾಲ್ಕು ದಿನ. ಫೋನು ಸೊಸೆಗೆ ವಾಪಸು ಕೊಡಬೇಕೆಂದಿದ್ದೆ.

ಐದನೇ ದಿನ ಮಧ್ಯಾಹ್ನ ಲಕ್ಷ್ಮೇಶ್ವರದ ಹಕ್ಕಿಯವರು ಕಟ್ಟೆಯಲ್ಲಿ ನನ್ನ ನಂಬರು ಕೇಳಿದರು. ಜಗಳಕ್ಕೆ ಎಂದುಕೊಂಡೆ. ಕೊಟ್ಟೆ. ಆಗಲೇ ಫೋನು ಹೊಡೆಯಿತು.

"ನೀವು ನನ್ನ ಕವಿತಾದ ಮಾನ ತಗದ್ರಿ. ಎಂಟು ದಿನ ನಿಮಗ ಬೈಕೋಂತ ಅಡ್ಗಿ ಮಾಡೇನ್ರಿ."

"ಕೆರಿಗೆ ಹೋಗಿದ್ರೇನು?"

"ಆಗ ಹೋಗಿರ್ಲಿಲ್ಲ. ಮೊನ್ನೆ ಹೋದೆ. ಕಿವಿ ಮುಚ್ಕೊಂಡು ಬಂದೆ. ಈಗ ನಿಮ್ದು ಓದೇನಿ. ಹೇಳ್ಲ್ಯಾ?"

"ಅದಕ್ಕ ಕುಂತೇನಿ, ಹೇಳ್ರಿ."

"ಏಳನೇ ಹಾಳಿತನಕ ನೀವೂ ನಿಮ್ಮ ಮೈದುನನ ಹೆಂಡ್ತಿನೂ ಒಂದ ತಾಟಿನ್ಯಾಗ ಉಂಡೀರಿ. ಎಂಟನೇದ್ರಾಗ 'ಆ ವರ್ಷ ಮನೆ ಬೇರೆ ಆಯಿತು' ಅಂತ ಒಂದ ಗೆರಿ ಬರದು ಮುಂದ ಹೋಗೀರಿ. ಯಾಕ ಬ್ಯಾರೆ ಆತು?"

"ಮನಿ ಅಂದಮ್ಯಾಲ ಬ್ಯಾರೆ ಆಗ್ತಾವ."

"ಅಮ್ಮಾರ, ಆಕಿ ಮುಂಜಾನೆ ಯಾವ ಸೀರಿ ಉಟ್ಟಿದ್ಲು ಅಂತ ನೆನಪಿಟ್ಟೀರಿ. ಇದು ನೆನಪಿಲ್ಲೇನು? ಅಲ್ಲೆ ಏನೋ ಮುಚ್ಚೀರಿ. ಮುಂದಿನ ಮೂರು ಹಾಳಿ ಅದಕ್ಕ ಸಪ್ಪಗ ಆಗ್ಯಾವ."

ನಾನು ಫೋನು ಕಟ್ ಮಾಡಿದೆ. ಬಾಯಿಗೆ ಬಂದ ಹಾಗೆ ಬೈದೆ, ಗೋಡೆಗೆ. ಎರಡು ದಿನ ಯಾರ ಮೇಲೆ ಸಿಟ್ಟೋ ತಿಳಿಯದೆ ಸೊಸೆ ಮಾಡಿದ ಪಲ್ಯದಲ್ಲಿ ಉಪ್ಪಿಲ್ಲ, ಚಹಾದಲ್ಲಿ ಸಕ್ಕರೆ ಹೆಚ್ಚು ಎಂದು ಹಾರಾಡಿದೆ.

ಬರೆಯುವಾಗ ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಆದದ್ದು ಇಷ್ಟು. ನನ್ನ ನೆಗೆಣ್ಣಿ, ಅಂದರೆ ಆ ಮೈದುನನ ಹೆಂಡತಿ, ಒಂದು ವರ್ಷ ತಾನೇ ಹೊಸದೊಂದು ದಡಿ ಕಟ್ಟಿದಳು. ಎರಡು ಬಣ್ಣ, ನಡುವೆ ತೆನೆಯಂಥ ಸಾಲು. ನನಗೆ ಆ ಕೈ ಇರಲಿಲ್ಲ, ಇವತ್ತಿಗೂ ಇಲ್ಲ. ಸೀರೆ ಇಳಿಸಿದ ವಾರವೇ ಅವಳು ಬಾಣಂತನಕ್ಕೆ ತವರಿಗೆ, ಯಳವತ್ತಿಗೆ ಹೋದಳು. ಆಗ ಒಳ್ಳೆಯ ನೇಯ್ಗೆ ನೋಡಲು ಊರಿಂದೂರಿಗೆ ತಿರುಗುತ್ತಿದ್ದ ಇಬ್ಬರು ನಮ್ಮ ಮನೆಗೆ ಬಂದರು, ಜೊತೆಗೆ ಪೇಪರಿನವನೊಬ್ಬ. ಸೀರೆ ಬಿಡಿಸಿ ನೋಡಿದರು. ಇದು ಯಾರ ಕೈಯದು ಎಂದು ಕೇಳಿದರು. ನಾನು "ನಂದು" ಅಂದೆ. ಯಾರೂ ಒತ್ತಾಯ ಮಾಡಿರಲಿಲ್ಲ. ಸೀರೆ ಹಿಡಿದು ನಿಂತ ನನ್ನ ಫೋಟೋ ಹೆಸರಿನ ಸಮೇತ ಪೇಪರಿನಲ್ಲಿ ಬಂತು. ಅವಳು ಕೂಸು ಎತ್ತಿಕೊಂಡು ತಿರುಗಿ ಬಂದಾಗ ಗೋಡೆಯ ಮೇಲೆ ಅದು ಚೌಕಟ್ಟಿನಲ್ಲಿತ್ತು. ಬಹಳ ಹೊತ್ತು ನೋಡಿದಳು. ತಿಂಗಳೊಳಗೆ ತನ್ನ ಮಗ್ಗ ಬಿಚ್ಚಿಸಿಕೊಂಡು ಹಿಂದಿನ ಓಣಿಗೆ ಹೋದಳು. ಅವತ್ತಿನಿಂದ ನನಗೆ ಬಹುವಚನ ಹಚ್ಚಿ ಮಾತಾಡುತ್ತಾಳೆ.

ಇದನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಮುಕ್ಕಾಲು ಪುಟ. ಆದರೆ ಕಟ್ಟೆಗೆ ಹಾಕುವ ಮೊದಲು ಅವಳಿಗೆ ಕೇಳಿಸಬೇಕೆನ್ನಿಸಿತು. ಅವಳಿಗೆ ಓದಲು ಬರುವುದಿಲ್ಲ. ಅವಳ ಬೆನ್ನ ಹಿಂದೆ ಅದೇ ಕೆಲಸ ಎರಡನೇ ಸಲ ಮಾಡುವುದು ಬೇಡ.

ಬೆಳಿಗ್ಗೆ ಹತ್ತಕ್ಕೆ ನೋಟ್‌ಬುಕ್ಕು, ಫೋನು ಹಿಡಿದು ಹಿಂದಿನ ಓಣಿಗೆ ಹೋದೆ. ಅವಳು ಮೊರದಲ್ಲಿ ಕಡಲೆ ಬೇಳೆ ಹಸನು ಮಾಡುತ್ತಿದ್ದಳು.

"ಬರ್ರಿ ಅಕ್ಕಾ, ಕುಂಡ್ರಿ," ಅಂದಳು, ಕರೆಂಟ್ ಬಿಲ್ಲಿನವನಿಗೆ ಅನ್ನುವ ಹಾಗೆ.

"ಒಂದು ಬರದೇನಿ. ಓದತೀನಿ, ಕೇಳು."

"ನಾ ಏನ್ ಕೇಳೂದು, ಬೇಳಿ ಹಸನ ಮಾಡಾಕ ಕುಂತೇನಿ."

"ಕೈಲೆ ಬೇಳಿ ಮಾಡು, ಕಿವಿಲೆ ಕೇಳು."

ಓದಿದೆ. ಪೇಪರಿನವನು ಬಂದ ಭಾಗಕ್ಕೆ ಬಂದಾಗ ಮೊರ ಆಡುವುದು ನಿಂತಿತು. ನಾನು ತಲೆ ಎತ್ತದೆ ಮುಗಿಸಿದೆ.

"ಇದನ್ನ ಎಷ್ಟು ಮಂದಿ ಓದ್ತಾರ?"

"ಎರಡು ನೂರು ಮಂದಿ ಅದಾರಂತ. ಎಲ್ಲಾರೂ ಓದಂಗಿಲ್ಲ."

"ಪೇಪರ್ ಊರೆಲ್ಲಾ ಓದಿತ್ತು."

ನಾನು ನೋಟ್‌ಬುಕ್ಕು ಮುಚ್ಚಿದೆ.

"ನನ್ನ ಹೆಸರು ಎಲ್ಲೆ ಐತಿ ಇದರಾಗ?"

"ಇಲ್ಲ. ಮೈದುನನ ಹೆಂಡತಿ ಅಂತ ಬರದೇನಿ."

"ಪೇಪರಿನ್ಯಾಗ ನಿಮ್ಮ ಹೆಸರು ಇತ್ತಲ್ರಿ."

"ಇತ್ತು."

"ಹಾಕ್ರಿ ಮತ್ತ. ಪೂರ್ತಿ ಹಾಕ್ರಿ, ಮನೆತನದ ಹೆಸರು ಸೈತ. ಈಗ ಹಾಕ್ರಿ, ನನ್ನ ಮುಂದ."

ಅಲ್ಲೇ ಕೂತು ಒಂದು ಬೆರಳಲ್ಲಿ ಮುಕ್ಕಾಲು ಪುಟ ಒತ್ತಿದೆ. ಒಂದೂವರೆ ತಾಸು ಹಿಡಿಯಿತು. ಅವಳು ಬೇಳೆ ಮುಗಿಸಿ, ಕಸ ಹೊಡೆದು, ಎರಡು ಸಲ ಬಂದು ಬಗ್ಗಿ ಫೋನು ನೋಡಿ ಹೋದಳು. ಎಂಟನೇ ಪುಟದ ಆ ಗೆರೆ ತೆಗೆದು ಇದನ್ನು ಸೇರಿಸಿದೆ. ಅವಳ ಹೆಸರು ಪೂರ್ತಿ ಹಾಕಿದೆ. ಈಗ ಹೇಳುತ್ತಿರುವ ಈ ಕಥೆಯಲ್ಲಿ ಹಾಕಿಲ್ಲ, ಇದಕ್ಕೆ ಅವಳನ್ನು ಕೇಳಿಲ್ಲ.

"ಎಲ್ಲೆ ಐತಿ ತೋರಸ್ರಿ."

ತೋರಿಸಿದೆ. ಆ ಅಕ್ಷರಗಳ ಮೇಲೆ ಬೆರಳಿಟ್ಟಳು. ಬೆರಳು ತಾಗಿ ಪುಟ ಮೇಲಕ್ಕೆ ಓಡಿತು. ಮತ್ತೆ ಹುಡುಕಿ ತಂದು ತೋರಿಸಬೇಕಾಯಿತು.

"ಹೋತೇನು? ಎಲ್ಲಾರಿಗೂ ಕಾಣತೈತೇನು?"

"ಕಾಣತೈತಿ."

"ಆತು. ಹೋಗ್ರಿ ಇನ್ನ, ನನಗ ಅಡ್ಗಿ ಮಾಡೂದೈತಿ," ಅಂದು ಬೇಳೆಯ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ನಾನು ಮೊಣಕಾಲು ಹಿಡಿದು ಎದ್ದು ಮನೆಗೆ ಬಂದೆ.